ವೈದ್ಯಕೀಯ ಸಂಶೋಧನೆಗಾಗಿ ಮ್ಯಾರಥಾನ್: ಓಡಲಿಕ್ಕೂ ತಯಾರಿ ಬೇಕು, ಕೇಳಲಿಕ್ಕೂ ಬೇಕು

ಹತ್ತಿರದವರಿಗೆ ಒಂದು ಕಾಯಿಲೆ ಬರುತ್ತದೆ. ಇದಕ್ಕೆ ಸದ್ಯಕ್ಕೆ ಔಷಧಿ ಇಲ್ಲ, ಸಂಶೋಧನೆ ನಡೆಯುತ್ತಿದೆ ಅಂತ ಡಾಕ್ಟರ್ ಹೇಳುತ್ತಾರೆ. ಆ ಮಾತು ಕೇಳಿದ ಮೇಲೆ ಸುಮ್ನೆ ಕೂರಲು ಮನಸ್ಸು ಬರುವುದಿಲ್ಲ. ಲ್ಯಾಬ್‌ನಲ್ಲಿ ಕೂತು ಔಷಧಿ ಕಂಡುಹಿಡಿಯುವ ಓದು ನಮ್ಮಲ್ಲಿ ಬಹಳ ಜನರಿಗೆ ಇಲ್ಲ. ಆದರೆ ಆ ಲ್ಯಾಬ್ ನಡೆಯಲು ದುಡ್ಡು ಬೇಕು, ಅದನ್ನು ಕೂಡಿಸುವುದು ನಮ್ಮ ಕೈಲಿ ಆಗುತ್ತದೆ. ದೂರದ ಓಟ ಓಡಿ ದೇಣಿಗೆ ಎತ್ತುವುದು ಅದಕ್ಕೆ ಇರುವ ಒಳ್ಳೆಯ ದಾರಿಗಳಲ್ಲಿ ಒಂದು.

ಇದರಲ್ಲಿ ಎರಡು ತಯಾರಿ ಇವೆ. ಓಡುವುದು ಒಂದು, ಕೇಳುವುದು ಇನ್ನೊಂದು. ಬಹಳ ಜನ ಮೊದಲನೆಯದಕ್ಕೆ ನಾಲ್ಕೈದು ತಿಂಗಳು ಕೊಡುತ್ತಾರೆ, ಎರಡನೆಯದನ್ನು ಕೊನೆಯ ವಾರಕ್ಕೆ ಬಿಡುತ್ತಾರೆ. ಆಮೇಲೆ ದುಡ್ಡು ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಎರಡೂ ಒಂದೇ ವಾರ ಶುರುವಾಗಬೇಕು, ನನ್ನ ಮುಖ್ಯ ಸಲಹೆ ಇದೇ.

ಟೆರ್ರಿ ಫಾಕ್ಸ್ ಹೆಸರು ಕೇಳಿರುತ್ತೀರಿ. ಕೆನಡಾದ ಹುಡುಗ. ಮೂಳೆಯ ಕ್ಯಾನ್ಸರ್‌ನಿಂದ 1977ರಲ್ಲಿ ಬಲಗಾಲು ಕಳೆದುಕೊಂಡ. 1980ರ ಏಪ್ರಿಲ್ 12ರಂದು ದೇಶದ ಪೂರ್ವ ತುದಿಯಿಂದ ಕೃತಕ ಕಾಲಿನಲ್ಲಿ ಓಡಲು ಶುರು ಮಾಡಿದ, ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್ ದೂರ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ 143 ದಿನಗಳ ನಂತರ, 5,373 ಕಿಲೋಮೀಟರ್ ಮುಗಿಸಿ, ಸೆಪ್ಟೆಂಬರ್ 1ರಂದು ನಿಲ್ಲಿಸಬೇಕಾಯಿತು. ಈ ಕಥೆಯಲ್ಲಿ ಎಲ್ಲರಿಗೂ ನೆನಪಿರುವುದು ಅವನ ಓಟ. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು ಓಟಕ್ಕೆ ಮುಂಚಿನ ಕೆಲಸ. 1979ರಲ್ಲೇ ಅವನು ಕ್ಯಾನ್ಸರ್ ಸೊಸೈಟಿಗೆ ಪತ್ರ ಬರೆದಿದ್ದ. ವ್ಯಾನ್, ಇಂಧನ, ಶೂಗಳಿಗಾಗಿ ಕಂಪನಿಗಳಿಗೆ ಬರೆದಿದ್ದ. ಆಮೇಲೆ ಜನರ ಮುಂದೆ ಇಟ್ಟ ಬೇಡಿಕೆಯೂ ಎಷ್ಟು ಸರಳ ನೋಡಿ: ಪ್ರತಿಯೊಬ್ಬ ಕೆನಡಿಯನ್ನಿಂದ ಒಂದು ಡಾಲರ್. ಮೊದಮೊದಲು ಎಷ್ಟೋ ಊರುಗಳಲ್ಲಿ ಜನ ತಿರುಗಿಯೂ ನೋಡಲಿಲ್ಲ. ಆದರೆ 1981ರ ಫೆಬ್ರವರಿ ಹೊತ್ತಿಗೆ ಒಟ್ಟು ದೇಣಿಗೆ 2.4 ಕೋಟಿ ಡಾಲರ್ ದಾಟಿತ್ತು, ಆಗಿನ ಕೆನಡಾದ ಜನಸಂಖ್ಯೆಯೂ ಸುಮಾರು ಅಷ್ಟೇ. ಅದೇ ವರ್ಷ ಜೂನ್‌ನಲ್ಲಿ, 22ನೇ ವಯಸ್ಸಿಗೆ, ಅವನು ತೀರಿಕೊಂಡ. ಅವನ ಹೆಸರಿನ ಓಟ ಆ ಸೆಪ್ಟೆಂಬರ್‌ನಿಂದ ಪ್ರತಿ ವರ್ಷ ನಡೆಯುತ್ತಿದೆ.

ಮೊದಲು ದುಡ್ಡು ಎಲ್ಲಿಗೆ ಹೋಗಬೇಕು ಅಂತ ನಿರ್ಧರಿಸಿ

ಓಟ ಆರಿಸುವ ಮುಂಚೆ ಸಂಸ್ಥೆ ಆರಿಸಿ. ಒಂದೇ ಕಾಯಿಲೆಯ ಹೆಸರಿನಲ್ಲಿ ನಾಲ್ಕು ಸಂಸ್ಥೆಗಳಿದ್ದರೆ ನಾಲ್ಕೂ ಬೇರೆ ಬೇರೆ ಕೆಲಸ ಮಾಡುತ್ತಿರಬಹುದು. ಒಂದು ರೋಗಿಗಳ ಆರೈಕೆಗೆ ಖರ್ಚು ಮಾಡುತ್ತದೆ, ಇನ್ನೊಂದು ಅರಿವು ಮೂಡಿಸುವ ಕಾರ್ಯಕ್ರಮ ನಡೆಸುತ್ತದೆ, ಮತ್ತೊಂದು ಲ್ಯಾಬ್‌ಗಳಿಗೆ ಅನುದಾನ ಕೊಡುತ್ತದೆ. ಎಲ್ಲವೂ ಒಳ್ಳೆಯ ಕೆಲಸವೇ. ಆದರೆ ಸಂಶೋಧನೆಗೆ ಅಂತ ಹೇಳಿ ಕೇಳಿದ ದುಡ್ಡು ಸಂಶೋಧನೆಗೇ ಹೋಗಬೇಕು, ಅಲ್ವಾ?

ಸಂಸ್ಥೆಯ ವಾರ್ಷಿಕ ವರದಿ ಮತ್ತು ಆಡಿಟ್ ಆದ ಲೆಕ್ಕಪತ್ರ ತೆಗೆದು ಓದಿ. ಸಂಶೋಧನೆಗೆ ಎಷ್ಟು ಹೋಯಿತು, ಆಡಳಿತಕ್ಕೆ ಎಷ್ಟು, ದೇಣಿಗೆ ಎತ್ತುವುದಕ್ಕೇ ಎಷ್ಟು ಖರ್ಚಾಯಿತು ಅಂತ ನೋಡಿ. ಆಡಳಿತದ ಖರ್ಚು ಇದ್ದ ಮಾತ್ರಕ್ಕೆ ಅನುಮಾನ ಪಡಬೇಡಿ, ಅನುದಾನ ಸರಿಯಾದ ಕೈಗೆ ಸೇರಿಸುವುದಕ್ಕೂ ಜನ ಬೇಕು. ನೀವು ಕೇಳಲೇಬೇಕಾದ ಪ್ರಶ್ನೆ ಬೇರೆ: ಯಾವ ಲ್ಯಾಬ್‌ಗೆ ಕೊಡಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ? ಒಳ್ಳೆಯ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಆ ವಿಷಯ ಬಲ್ಲ ಹೊರಗಿನ ವಿಜ್ಞಾನಿಗಳು ಓದಿ, ಅಂಕ ಕೊಟ್ಟು ಆರಿಸುತ್ತಾರೆ. ಹಿಂದಿನ ವರ್ಷ ಯಾರ್ಯಾರಿಗೆ, ಯಾವ ಕೆಲಸಕ್ಕೆ ಕೊಟ್ಟರು ಅನ್ನುವ ಪಟ್ಟಿ ಸಾರ್ವಜನಿಕವಾಗಿ ಇರುತ್ತದೆ. ಆ ಪಟ್ಟಿ ಸಿಗದಿದ್ದರೆ ಮೇಲ್ ಮಾಡಿ ಕೇಳಿ. ಉತ್ತರ ಬರದಿದ್ದರೆ ಬೇರೆ ಸಂಸ್ಥೆ ನೋಡಿಕೊಳ್ಳಿ.

ಕೊಟ್ಟ ದುಡ್ಡು ಸಂಶೋಧನೆಗೆ ಮಾತ್ರ ಬಳಸುವ ಹಾಗೆ ಕಟ್ಟು ಹಾಕಿ ಕೊಡಬಹುದಾ ಅಂತಲೂ ವಿಚಾರಿಸಿ. ಬಾಸ್ಟನ್ ಮ್ಯಾರಥಾನ್‌ನಲ್ಲಿ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯ ತಂಡ 1990ರಿಂದ ಓಡುತ್ತಿದೆ. ಆ ತಂಡ ಕೂಡಿಸಿದ್ದು ಆ ಸಂಸ್ಥೆಯೊಳಗಿನ ಮೂಲ ಸಂಶೋಧನೆಯ ಒಂದು ನಿಗದಿತ ನಿಧಿಗೇ ಹೋಗುತ್ತದೆ. ಇಂಥ ವ್ಯವಸ್ಥೆ ಇದ್ದರೆ ದಾನಿಗಳಿಗೆ ಉತ್ತರ ಹೇಳುವುದು ಸುಲಭ.

ನಾನು ಕೂಡಿಸುವ ಇಷ್ಟು ದುಡ್ಡಿನಿಂದ ಏನಾಗುತ್ತದೆ ಅಂತ ನಿಮಗೆ ಅನ್ನಿಸಬಹುದು. ದಾನಿಗಳೂ ಇದನ್ನೇ ಕೇಳುತ್ತಾರೆ, ಆದ್ದರಿಂದ ಉತ್ತರ ಗೊತ್ತಿರಲಿ. ದೊಡ್ಡ ಸರ್ಕಾರಿ ಅನುದಾನಕ್ಕೆ ಅರ್ಜಿ ಹಾಕುವ ವಿಜ್ಞಾನಿಗೆ ಮೊದಲ ಪ್ರಶ್ನೆಯೇ, ನಿಮ್ಮ ಐಡಿಯಾ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಆರಂಭದ ಡೇಟಾ ಎಲ್ಲಿದೆ ಅಂತ. ಡೇಟಾ ಬೇಕಾದರೆ ಪ್ರಯೋಗ ಮಾಡಬೇಕು, ಪ್ರಯೋಗಕ್ಕೆ ದುಡ್ಡು ಬೇಕು, ದುಡ್ಡಿಗೆ ಡೇಟಾ ಬೇಕು. ಅದರಲ್ಲೂ ಈಗಷ್ಟೇ ಸ್ವಂತ ಲ್ಯಾಬ್ ಶುರು ಮಾಡಿದವರು ಈ ಸುತ್ತಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಸಣ್ಣ ಸಂಸ್ಥೆಗಳು ಕೊಡುವ ಸಣ್ಣ ಅನುದಾನ ಅವರನ್ನು ಅಲ್ಲಿಂದ ಹೊರಗೆ ತರುತ್ತದೆ. ಜೀವಕೋಶ ಬೆಳೆಸುವ ದ್ರವ, ಆಂಟಿಬಾಡಿ, ಒಂದು ಸುತ್ತು ಡಿಎನ್‌ಎ ಸೀಕ್ವೆನ್ಸಿಂಗ್, ರೋಗಿಗಳು ದಾನ ಮಾಡಿದ ಅಂಗಾಂಶದ ಚೂರುಗಳನ್ನು ಮೈನಸ್ 80 ಡಿಗ್ರಿಯಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುವ ಫ್ರೀಜರ್, ಅದನ್ನು ನೋಡಿಕೊಳ್ಳುವ ಒಬ್ಬ ಟೆಕ್ನಿಶಿಯನ್‌ನ ಸಂಬಳ. ನಿಮ್ಮ ಓಟದ ದುಡ್ಡು ಹೋಗುವುದು ಇಂಥ ಕಡೆ. ಅಪರೂಪದ ಕಾಯಿಲೆಗಳಲ್ಲಂತೂ ರೋಗಿಗಳ ಸಂಖ್ಯೆ ಕಡಿಮೆ, ಔಷಧಿ ಕಂಪನಿಗಳಿಗೆ ಆಸಕ್ತಿಯೂ ಕಡಿಮೆ. ಎಷ್ಟೋ ಸಲ ಮೊದಲ ಪ್ರಯೋಗಕ್ಕೆ ದುಡ್ಡು ಹಾಕುವುದು ರೋಗಿಗಳ ಮನೆಯವರೇ.

ಒಂದು ಮಾತು ಖಂಡಿತ ಬೇಡ. "ನಿಮ್ಮ ದುಡ್ಡಿನಿಂದ ಈ ಕಾಯಿಲೆ ವಾಸಿಯಾಗುತ್ತದೆ" ಅಂತ ಎಲ್ಲೂ ಬರೆಯಬೇಡಿ. ಸಂಶೋಧನೆ ನಿಧಾನ. ಲ್ಯಾಬ್‌ನಲ್ಲಿ ಕಂಡದ್ದು ರೋಗಿಯ ಕೈಗೆ ಮಾತ್ರೆಯಾಗಿ ಬರಲು ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯುವುದು ಮಾಮೂಲಿ, ಬಹಳಷ್ಟು ಐಡಿಯಾಗಳು ದಾರಿಯಲ್ಲೇ ನಿಲ್ಲುತ್ತವೆ. ಇದನ್ನು ನೇರವಾಗಿ ಹೇಳಿದರೂ ಜನ ಕೊಡುತ್ತಾರೆ. ಕಾಯಿಲೆ ಇರುವವರು ನಿಮ್ಮ ಬರಹ ಓದುತ್ತಾರೆ ಅನ್ನುವುದು ತಲೆಯಲ್ಲಿರಲಿ.

ಓಟಕ್ಕೆ ಸೇರುವುದು

ಎರಡು ದಾರಿ ಇವೆ. ಒಂದು, ನೀವೇ ಶುಲ್ಕ ಕಟ್ಟಿ ಅಥವಾ ಲಾಟರಿಯಲ್ಲಿ ಹೆಸರು ಬಂದು ಸೇರುವುದು. ಆಗ ಇಷ್ಟೇ ಕೂಡಿಸಬೇಕು ಅನ್ನುವ ಕಟ್ಟುಪಾಡು ಇರುವುದಿಲ್ಲ. ಇನ್ನೊಂದು, ದತ್ತಿ ಸಂಸ್ಥೆಯ ಪಾಲಿನ ಜಾಗದಲ್ಲಿ ಓಡುವುದು. ಲಂಡನ್, ನ್ಯೂಯಾರ್ಕ್, ಬಾಸ್ಟನ್‌ನಂಥ ದೊಡ್ಡ ಓಟಗಳಲ್ಲಿ ಜಾಗಕ್ಕೆ ಬೇಡಿಕೆ ಬಹಳ, ಅದರಲ್ಲಿ ಒಂದಷ್ಟು ಜಾಗ ಸಂಸ್ಥೆಗಳಿಗೆ ಮೀಸಲು. ಅವು ನಿಮಗೆ ಜಾಗ ಕೊಡುತ್ತವೆ, ಬದಲಿಗೆ ಕನಿಷ್ಠ ಇಷ್ಟು ಕೂಡಿಸಿಕೊಡುತ್ತೇನೆ ಅಂತ ನೀವು ಒಪ್ಪಬೇಕು. 1981ರಲ್ಲಿ ಶುರುವಾದ ಲಂಡನ್ ಮ್ಯಾರಥಾನ್‌ನ ಓಟಗಾರರು ಇಲ್ಲಿಯವರೆಗೆ 100 ಕೋಟಿ ಪೌಂಡ್‌ಗೂ ಜಾಸ್ತಿ ಕೂಡಿಸಿದ್ದಾರೆ.

ಸಂಸ್ಥೆಯ ಜಾಗ ತೆಗೆದುಕೊಳ್ಳುವವರು ಸಹಿ ಮಾಡುವ ಮುಂಚೆ ಒಪ್ಪಂದ ಪೂರ್ತಿ ಓದಲೇಬೇಕು. ಕನಿಷ್ಠ ಮೊತ್ತ ತಲುಪದಿದ್ದರೆ ಉಳಿದದ್ದನ್ನು ನಿಮ್ಮ ಕಾರ್ಡ್‌ನಿಂದ ಎಳೆದುಕೊಳ್ಳುತ್ತಾರಾ? ಕೊನೆಯ ದಿನ ಯಾವುದು, ಓಟಕ್ಕೆ ಮುಂಚೆಯೋ ಆಮೇಲೋ? ಗಾಯವಾದರೆ ಮುಂದಿನ ವರ್ಷಕ್ಕೆ ಜಾಗ ಉಳಿಯುತ್ತದಾ, ಆಗ ಮತ್ತೆ ಮೊದಲಿಂದ ಕೂಡಿಸಬೇಕಾ? ಪ್ರವೇಶ ಶುಲ್ಕ ಬೇರೆಯಾ? ಉತ್ತರಗಳು ಬರಹದಲ್ಲಿರಲಿ.

ಪ್ರಯಾಣ, ವಸತಿ, ಶೂ, ಇವೆಲ್ಲ ನಿಮ್ಮ ಸ್ವಂತ ಖರ್ಚು ಅಂತಲೇ ಇಟ್ಟುಕೊಳ್ಳಿ. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ. ದೇಣಿಗೆಯಿಂದ ಒಂದು ಪೈಸೆ ಅದಕ್ಕೆ ಹೋಗುವುದಾದರೂ ಕೊಡುವವರಿಗೆ ಮೊದಲೇ ಗೊತ್ತಿರಬೇಕು.

ಮೊದಲ ಓಟವೇ ಆದರೆ ಪೂರ್ತಿ ಮ್ಯಾರಥಾನ್ ಬೇಕಂತೇನೂ ಇಲ್ಲ. ಹಾಫ್ ಮ್ಯಾರಥಾನ್ 21.1 ಕಿಲೋಮೀಟರ್, ಫುಲ್ 42.195. ಅದಕ್ಕಿಂತ ಉದ್ದದ್ದೆಲ್ಲ ಅಲ್ಟ್ರಾ. ಕೊಡುವವರು ದೂರ ಅಳೆದು ಕೊಡುವುದಿಲ್ಲ, ನಿಮಗೆ ಅದು ನಿಜವಾಗಿ ಕಷ್ಟದ ಕೆಲಸವಾ ಅಂತ ನೋಡುತ್ತಾರೆ. ಯಾವತ್ತೂ ಓಡದವರು ಹಾಫ್ ಓಡುತ್ತೇನೆ ಅಂದರೆ ಅದೇ ದೊಡ್ಡ ಸುದ್ದಿ.

ಕೇಳುವುದು

ಇದಕ್ಕೆ ಹೆದರುವವರೇ ಜಾಸ್ತಿ. 30 ಕಿಲೋಮೀಟರ್ ಓಡಿ ಬರುತ್ತಾರೆ, ಗೆಳೆಯನಿಗೆ ಮೆಸೇಜ್ ಕಳಿಸಲು ಕೈ ನಡುಗುತ್ತದೆ. ನೀವು ನಿಮಗಾಗಿ ಕೇಳುತ್ತಿಲ್ಲ, ಇದು ಮನಸ್ಸಿಗೆ ನಾಟಿದರೆ ಅರ್ಧ ಸಂಕೋಚ ಹೋಗುತ್ತದೆ. ಇನ್ನರ್ಧ ಹೋಗುವುದು ಕೇಳಿ ಕೇಳಿಯೇ.

ಆನ್‌ಲೈನ್‌ನಲ್ಲಿ ನಿಮ್ಮ ಓಟದ ದೇಣಿಗೆ ಪುಟ ತೆರೆದ ದಿನವೇ ಮೊದಲ ದೇಣಿಗೆ ನೀವೇ ಹಾಕಿ. ಆಮೇಲೆ ತೀರಾ ಹತ್ತಿರದ ನಾಲ್ಕೈದು ಜನರಿಗೆ ಫೋನ್ ಮಾಡಿ, ಪುಟವನ್ನು ಎಲ್ಲರಿಗೂ ತೋರಿಸುವ ಮುಂಚೆಯೇ ಅವರಿಂದ ಹಾಕಿಸಿ. ಖಾಲಿ ಪುಟಕ್ಕೆ ಮೊದಲು ಕೈ ಹಾಕಲು ಜನ ಹಿಂಜರಿಯುತ್ತಾರೆ. ಮೇಲಿನ ಹೆಸರುಗಳ ಮುಂದೆ ಎಷ್ಟಿದೆ ಅಂತ ನೋಡಿಕೊಂಡೇ ಮುಂದಿನವರು ತಮ್ಮ ಮೊತ್ತ ನಿರ್ಧರಿಸುತ್ತಾರೆ. ಹಾಗಾಗಿ ಧಾರಾಳವಾಗಿ ಕೊಡುವ ಅತ್ತೆಯೋ ಮಾವನೋ ಇದ್ದರೆ ಅವರು ಮೊದಲು ಬರಲಿ.

ಗುರಿಯ ಮೊತ್ತಕ್ಕೂ ನಿಮ್ಮ ಕಥೆಗೂ ಸಂಬಂಧ ಇದ್ದರೆ ಜನರಿಗೆ ನೆನಪಿರುತ್ತದೆ. ಇಂಗ್ಲೆಂಡಿನ ರಗ್ಬಿ ಆಟಗಾರ ರಾಬ್ ಬರೋಗೆ 2019ರಲ್ಲಿ ಸ್ನಾಯುಗಳನ್ನು ನಡೆಸುವ ನರಗಳು ಸಾಯುತ್ತಾ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆ ಇರುವುದು ಗೊತ್ತಾಯಿತು. ಅವರ ಜೆರ್ಸಿ ನಂಬರ್ 7. ಅವರ ಗೆಳೆಯ ಕೆವಿನ್ ಸಿನ್‌ಫೀಲ್ಡ್ 2020ರ ಡಿಸೆಂಬರ್‌ನಲ್ಲಿ ಏಳು ದಿನ ಏಳು ಮ್ಯಾರಥಾನ್ ಓಡಿದರು, ಇಟ್ಟುಕೊಂಡ ಗುರಿ 77,777 ಪೌಂಡ್. ಬಂದದ್ದು 20 ಲಕ್ಷ ಪೌಂಡ್‌ಗೂ ಜಾಸ್ತಿ. ನಮಗೆ ಅಷ್ಟು ಹೆಸರಿಲ್ಲ, ನಿಜ. ಆದರೆ ಯಾಕೆ ಓಡುತ್ತೇನೆ, ಯಾರಿಗಾಗಿ, ಎಷ್ಟು ಬೇಕು ಅನ್ನುವುದನ್ನು ಒಂದೇ ಉಸಿರಿನಲ್ಲಿ ಹೇಳುವ ಹಾಗಿರಬೇಕು ಅನ್ನುವುದು ಎಲ್ಲರಿಗೂ ಒಂದೇ.

ಗುಂಪಿಗೆ ಒಟ್ಟಿಗೆ ಕಳಿಸಿದ ಮೆಸೇಜ್‌ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಬೇರೆ ಯಾರಾದರೂ ಕೊಡುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆಯಿರಿ. ಹೀಗೆ:

"ಅಕ್ಕಾ, ಹೇಗಿದ್ದೀರಿ? ಒಂದು ವಿಷಯ ಕೇಳಬೇಕಿತ್ತು. ಅಪ್ಪನಿಗೆ ಪಾರ್ಕಿನ್ಸನ್ ಬಂದು ಮೂರು ವರ್ಷ ಆಯಿತು, ನಿಮಗೆ ಗೊತ್ತೇ ಇದೆ. ಈ ಕಾಯಿಲೆಯ ಸಂಶೋಧನೆಗೆ ದುಡ್ಡು ಕೂಡಿಸಲು ನವೆಂಬರ್‌ನಲ್ಲಿ ಮ್ಯಾರಥಾನ್ ಓಡುತ್ತಿದ್ದೇನೆ. ನಿಮ್ಮಿಂದ ಎಷ್ಟಾಗುತ್ತದೋ ಅಷ್ಟು ಹಾಕ್ತೀರಾ? ಈ ತಿಂಗಳ ಕೊನೆಯೊಳಗೆ ಆದರೆ ಒಳ್ಳೆಯದು. ಲಿಂಕ್ ಕೆಳಗಿದೆ. ಆಗದಿದ್ದರೂ ಪರವಾಗಿಲ್ಲ, ಅಪ್ಪನನ್ನು ಒಂದು ಸಲ ಮಾತಾಡಿಸಿ, ಖುಷಿ ಪಡುತ್ತಾರೆ."

ಇಷ್ಟೇ. ಯಾಕೆ, ಏನು, ಯಾವಾಗ, ಎಲ್ಲಿ ಹಾಕಬೇಕು, ಎಲ್ಲವೂ ಇದರಲ್ಲಿ ಬಂದಿದೆ. ಇಲ್ಲ ಅನ್ನುವುದಕ್ಕೂ ದಾರಿ ಬಿಟ್ಟಿದೆ. ಆದರೆ ಅಪ್ಪನ ಕಾಯಿಲೆ ಅಪ್ಪನದು. ಅವರ ಹೆಸರು, ಫೋಟೋ, ಕಾಯಿಲೆಯ ವಿವರ ಹಾಕುವ ಮುಂಚೆ ಅವರನ್ನು ಕೇಳಿ, ಬರೆದದ್ದನ್ನು ಓದಿ ಹೇಳಿ. ಬೇಡ ಅಂದರೆ ಬೇಡ. ಆಸ್ಪತ್ರೆ ಬಟ್ಟೆಯಲ್ಲಿ, ನಿಶ್ಶಕ್ತಿಯಲ್ಲಿ ಮಲಗಿರುವ ಫೋಟೋ ಹಾಕಿ ಕನಿಕರ ಹುಟ್ಟಿಸುವುದು ನನಗೆ ಒಪ್ಪಿಗೆಯಾಗದ ವಿಷಯ. ಮಕ್ಕಳದ್ದಂತೂ ಬೇಡವೇ ಬೇಡ, ಆ ಮಗು ದೊಡ್ಡದಾದ ಮೇಲೂ ಫೋಟೋ ಅಲ್ಲೇ ಇರುತ್ತದೆ.

ಮೊದಲ ಸಲ ಉತ್ತರ ಬರದಿದ್ದರೆ ಅವರಿಗೆ ಇಷ್ಟವಿಲ್ಲ ಅಂತಲ್ಲ, ಮರೆತಿರುತ್ತಾರೆ. ಎರಡು ಮೂರು ವಾರ ಬಿಟ್ಟು, ಏನಾದರೂ ಹೊಸ ಸುದ್ದಿ ಇದ್ದಾಗ, ಮತ್ತೊಂದು ಸಲ ಬರೆಯಿರಿ. ಮೊದಲ ಬಾರಿಗೆ 25 ಕಿಲೋಮೀಟರ್ ಓಡಿದ್ದು, ಗುರಿಯ ಅರ್ಧ ದಾಟಿದ್ದು, ಇಂಥದ್ದೆಲ್ಲ ಸುದ್ದಿಯೇ. ಮೂರನೆಯ ಸಲಕ್ಕೆ ನಿಲ್ಲಿಸಿ. ಓಟದ ಹಿಂದಿನ ವಾರ ಮತ್ತು ಓಟ ಮುಗಿದ ಎರಡು ದಿನ ದುಡ್ಡು ಬರುವ ಹೊತ್ತು, ಆಗ ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಿ.

ಕೆಲಸ ಮಾಡುವ ಕಂಪನಿಯಲ್ಲಿ ಎಚ್‌ಆರ್‌ ಅವರನ್ನು ಕೇಳಲು ಮರೆಯಬೇಡಿ. ನೌಕರರು ಕೂಡಿಸಿದಷ್ಟೇ ಮೊತ್ತವನ್ನು ಕಂಪನಿಯೂ ಸೇರಿಸುವ ಪದ್ಧತಿ ಎಷ್ಟೋ ಕಡೆ ಇದೆ, ಯಾರೂ ಕೇಳದೆ ಹಾಗೇ ಉಳಿದಿರುತ್ತದೆ. ಕೈಗೆ ನಗದು ಕೊಟ್ಟರೆ ಅವರೆದುರೇ ಹೆಸರು, ಮೊತ್ತ ಬರೆದುಕೊಂಡು ಅವತ್ತೇ ಸಂಸ್ಥೆಯ ಖಾತೆಗೆ ಹಾಕಿ. ನಿಮ್ಮ ಸ್ವಂತ ಖಾತೆಯಲ್ಲಿ ಬೆರೆಸಬೇಡಿ. ತೆರಿಗೆ ರಸೀದಿ ಸಂಸ್ಥೆಯಿಂದಲೇ ನೇರವಾಗಿ ದಾನಿಗೆ ಹೋಗಲಿ.

ಓಡುವುದು

ಈಗಾಗಲೇ ವಾರಕ್ಕೆ ಮೂರು ನಾಲ್ಕು ದಿನ ಓಡುವ ಅಭ್ಯಾಸ ಇದ್ದರೆ ಫುಲ್ ಮ್ಯಾರಥಾನ್‌ಗೆ 16ರಿಂದ 20 ವಾರ ಬೇಕು. ಏನೂ ಓಡದವರು ಅದಕ್ಕಿಂತ ಮುಂಚೆಯೇ ಶುರು ಮಾಡಬೇಕು, ನಡಿಗೆ ಮತ್ತು ಓಟ ಬೆರೆಸಿಕೊಂಡು. ಎದೆನೋವು, ಓಡುವಾಗ ತಲೆಸುತ್ತು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದವರು ಇದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ.

ವಾರದ ಓಟದಲ್ಲಿ ಬಹುಪಾಲು ನಿಧಾನದ ಓಟವೇ ಆಗಿರಲಿ. ಪಕ್ಕದಲ್ಲಿರುವವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ವಾರಕ್ಕೊಂದು ಉದ್ದ ಓಟ ಇರುತ್ತದೆ, ಅದು ಸ್ವಲ್ಪ ಸ್ವಲ್ಪವೇ ಬೆಳೆದು 30ರಿಂದ 32 ಕಿಲೋಮೀಟರ್‌ವರೆಗೆ ಹೋಗುತ್ತದೆ. ವಾರದ ಒಟ್ಟು ದೂರವನ್ನು ಒಮ್ಮೆಲೇ ಏರಿಸಬೇಡಿ, ಮೂರು ವಾರ ಏರಿಸಿದ ಮೇಲೆ ನಾಲ್ಕನೆಯ ವಾರ ಇಳಿಸಿ. ಕಾಲು, ಸೊಂಟ ಗಟ್ಟಿಯಾಗುವ ವ್ಯಾಯಾಮ ವಾರಕ್ಕೆರಡು ಸಲ. ಕೊನೆಯ ಎರಡು ಮೂರು ವಾರ ದೂರ ಕಡಿಮೆ ಮಾಡಿ ದೇಹಕ್ಕೆ ಬಿಡುವು ಕೊಡಬೇಕು. ಆಗ ಕೈಗೆ ಸಿಗುವ ಸಮಯ ದೇಣಿಗೆಯ ಕೆಲಸಕ್ಕೆ ಸರಿಯಾಗುತ್ತದೆ.

ಜೊತೆ ಇದ್ದರೆ ಇನ್ನೂ ಒಳ್ಳೆಯದು. ಅಮೆರಿಕದಲ್ಲಿ 1988ರಲ್ಲಿ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್‌ನ ಸಂಶೋಧನೆಗಾಗಿ 38 ಜನರ ಒಂದು ತಂಡ ಒಟ್ಟಿಗೆ ತರಬೇತಿ ಮಾಡಿ ನ್ಯೂಯಾರ್ಕ್ ಮ್ಯಾರಥಾನ್ ಓಡಿತು, 3,22,000 ಡಾಲರ್ ಕೂಡಿಸಿತು. ಟೀಮ್ ಇನ್ ಟ್ರೈನಿಂಗ್ ಅನ್ನುವ ದೊಡ್ಡ ಕಾರ್ಯಕ್ರಮ ಹುಟ್ಟಿದ್ದು ಅಲ್ಲಿಂದ. ಬೆಳಿಗ್ಗೆ ಏಳಲು ಮನಸ್ಸಿಲ್ಲದ ದಿನ ಎಬ್ಬಿಸಲಿಕ್ಕೂ, ದುಡ್ಡು ಬಾರದ ವಾರ ಹೊಸ ಐಡಿಯಾ ಹೇಳಲಿಕ್ಕೂ ತಂಡ ಬೇಕು.

ದೇಹದಲ್ಲಿ ಶೇಖರವಾಗಿರುವ ಗ್ಲೈಕೋಜನ್, ಅಂದರೆ ಓಡಲು ಶಕ್ತಿ ಕೊಡುವ ಸಕ್ಕರೆಯ ದಾಸ್ತಾನು, ಬಹಳ ಜನರಿಗೆ 30 ಕಿಲೋಮೀಟರ್ ಆಸುಪಾಸಿನಲ್ಲಿ ಖಾಲಿಯಾಗುತ್ತಾ ಬರುತ್ತದೆ. ಕಾಲು ಸೀಸದ ಹಾಗೆ ಭಾರವಾಗುತ್ತದೆ. ಇದನ್ನು ತಪ್ಪಿಸಲು ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳಬೇಕು, ಮೊದಲ ಗಂಟೆಯಿಂದಲೇ. ಯಾವ ಜೆಲ್ (ಓಡುತ್ತಾ ನುಂಗುವ ಸಿಹಿ ಪೇಸ್ಟ್), ಯಾವ ಪಾನೀಯ ಹೊಟ್ಟೆಗೆ ಒಗ್ಗುತ್ತದೆ ಅಂತ ಉದ್ದ ಓಟಗಳಲ್ಲೇ ನೋಡಿಕೊಂಡಿರಿ. ನೀರು ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ. ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು, ನಿಧಾನವಾಗಿ ಓಡುತ್ತಾ ಪ್ರತಿ ನೀರಿನ ಟೇಬಲ್‌ನಲ್ಲೂ ಕುಡಿಯುವವರಿಗೆ ಇದು ಬರುವುದು ಜಾಸ್ತಿ. ಓಟದ ದಿನ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬೇಡ, ಕಿಡ್ನಿಗೆ ಹೊರೆ.

ತರಬೇತಿಯಲ್ಲಿ ಒಂದೇ ಜಾಗದಲ್ಲಿ ನೋವು, ಅದೂ ಓಡುತ್ತಾ ಓಡುತ್ತಾ ಜಾಸ್ತಿಯಾಗುತ್ತಾ ಹೋದರೆ, ನಿಲ್ಲಿಸಿ. ದುಡ್ಡು ಕೊಟ್ಟವರಿಗೆ ಏನು ಹೇಳಲಿ ಅಂತ ನೋವು ಮುಚ್ಚಿಟ್ಟು ಓಡುವವರು ಇದ್ದಾರೆ. ಅದರ ಅಗತ್ಯವೇ ಇಲ್ಲ. ಹೀಗಾಗಿದೆ, ಈ ವರ್ಷ ಓಡಲು ಆಗುವುದಿಲ್ಲ, ನಿಮ್ಮ ದುಡ್ಡು ಸಂಶೋಧನೆಗೆ ಆಗಲೇ ತಲುಪಿದೆ ಅಂತ ಬರೆಯಿರಿ. ಯಾರೂ ವಾಪಸ್ ಕೇಳುವುದಿಲ್ಲ, ಚೇತರಿಸಿಕೊಳ್ಳಿ ಅಂತ ಹಾರೈಸುತ್ತಾರೆ.

ಓಟದ ದಿನ ಮತ್ತು ಆಮೇಲೆ

ಹಿಂದಿನ ರಾತ್ರಿಯೇ ಎಲ್ಲ ಎತ್ತಿಡಿ. ಬಿಬ್ ಅನ್ನು, ಅಂದರೆ ನಿಮ್ಮ ಓಟದ ನಂಬರ್ ಇರುವ ಚೀಟಿಯನ್ನು, ಟೀ ಶರ್ಟ್‌ಗೆ ನಾಲ್ಕು ಮೂಲೆಯಲ್ಲೂ ಪಿನ್ ಹಾಕಿ, ಹಾಕಿಕೊಂಡು ಒಮ್ಮೆ ಕೈ ಬೀಸಿ ನೋಡಿ, ಎಳೆಯಬಾರದು. ಬಿಬ್‌ನ ಹಿಂದೆ ತುರ್ತು ಸಂಪರ್ಕದ ನಂಬರ್, ಅಲರ್ಜಿ, ತೆಗೆದುಕೊಳ್ಳುವ ಔಷಧಿ ಬರೆಯುವ ಜಾಗ ಇರುತ್ತದೆ, ಅದನ್ನು ತುಂಬಿ. ಕೆಲವರು ದಾನಿಗಳು ಕೊಟ್ಟ ಹೆಸರುಗಳನ್ನು, ಅಂದರೆ ಕಾಯಿಲೆಯಲ್ಲಿ ಇರುವವರ, ತೀರಿಹೋದವರ ಹೆಸರುಗಳನ್ನು, ಬಟ್ಟೆಯ ಮೇಲೆ ಮಾರ್ಕರ್‌ನಲ್ಲಿ ಬರೆದುಕೊಳ್ಳುತ್ತಾರೆ. ಬರೆಯುವುದಾದರೆ ಅಳಿಸದ ಮಾರ್ಕರ್ ತೆಗೆದುಕೊಳ್ಳಿ, ಹಿಂದಿನ ದಿನವೇ ಬರೆದು ಒಣಗಿಸಿ, ಬೆವರಿಗೆ ಹರಡದಿರಲಿ. ತೊಡೆ ಸಂದಿ, ಕಂಕುಳು, ಮೊಲೆತೊಟ್ಟಿಗೆ ವ್ಯಾಸಲಿನ್ ಹಚ್ಚಿ. ಹೊಸ ಶೂ, ಹೊಸ ಸಾಕ್ಸ್, ಹೊಸ ಜೆಲ್ ಯಾವುದೂ ಅವತ್ತು ಬೇಡ. ಮೊದಲ ಹತ್ತು ಕಿಲೋಮೀಟರ್ ಬೇಕೆಂದೇ ನಿಧಾನ ಓಡಿ.

ಮುಗಿಸಿದ ಮೇಲೆ ಫೋಟೋ, ಸಮಯ ಮತ್ತು ಒಟ್ಟು ಕೂಡಿದ ಮೊತ್ತ ಹಾಕಿ ಅವತ್ತೇ ನಾಲ್ಕು ಸಾಲು ಬರೆಯಿರಿ. ಕೊಡುತ್ತೇನೆ ಅಂದು ಮರೆತವರು ಆಗ ಕೊಡುತ್ತಾರೆ. ಧನ್ಯವಾದ ಮಾತ್ರ ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಬೇಕು, ಸಣ್ಣ ಮೊತ್ತ ಕೊಟ್ಟವರಿಗೂ. ಕಾಲೇಜು ಹುಡುಗ ತನ್ನ ಪಾಕೆಟ್ ಮನಿಯಿಂದ ಕೊಟ್ಟದ್ದು ಅವನಿಗೆ ಸಣ್ಣದಾಗಿರುವುದಿಲ್ಲ.

ದಾನಿಗಳ ಪಟ್ಟಿ ಜೋಪಾನವಾಗಿ ಇಟ್ಟುಕೊಳ್ಳಿ. ಒಂದು ವರ್ಷದ ನಂತರ ಸಂಸ್ಥೆಯ ಹೊಸ ವರದಿ ಬರುತ್ತದೆ. ಅದರಲ್ಲಿ ಆ ವರ್ಷದ ಅನುದಾನ ಯಾವ ಲ್ಯಾಬ್‌ಗೆ ಹೋಯಿತು, ಏನು ಕೆಲಸ ನಡೆಯುತ್ತಿದೆ ಅನ್ನುವ ಪುಟ ಹುಡುಕಿ, ಎರಡು ಸಾಲಿನಲ್ಲಿ ಸರಳವಾಗಿ ಬರೆದು ಎಲ್ಲರಿಗೂ ಕಳಿಸಿ. ಪ್ರಯೋಗ ಅಂದುಕೊಂಡಂತೆ ಆಗದಿದ್ದರೆ ಅದನ್ನೂ ಬರೆಯಿರಿ. ಆ ಮೆಸೇಜ್‌ನಲ್ಲಿ ಮಾತ್ರ ದುಡ್ಡು ಕೇಳಬೇಡಿ.